ಹಾವು ಇಲಿ ಮುಟ್ಟುತ್ತಿಲ್ಲವಾ? ಬಾಲ್ ಪೈಥಾನ್ ಸಾಕುವವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯ ಬಾಲ್ ಪೈಥಾನ್ ಹೆಸರು ಬೋಂಡಾ. ಹೆದರಿದರೆ ತಲೆ ಒಳಗಿಟ್ಟುಕೊಂಡು ಗುಂಡಗೆ ಸುತ್ತಿಕೊಂಡುಬಿಡುತ್ತಾಳೆ, ಅದಕ್ಕೆ ಆ ಹೆಸರು. ನಾವಿರುವುದು ಅಮೆರಿಕದ ಒಹಾಯೊದಲ್ಲಿ. ಕೆಲವು ವರ್ಷದ ಹಿಂದೆ ನವೆಂಬರ್ ತಿಂಗಳ ಒಂದು ರಾತ್ರಿ ಬೋಂಡಾ ಇಲಿಯ ಹತ್ತಿರ ಬಂದಳು, ಎರಡು ಸಲ ನಾಲಿಗೆ ಚಾಚಿದಳು, ಮುಖ ತಿರುಗಿಸಿ ಹೋದಳು. ಆಮೇಲೆ ಮಾರ್ಚ್ ತನಕ ಏನೂ ತಿನ್ನಲಿಲ್ಲ.

ಮೊದಲ ತಿಂಗಳು ನಾನು ಮಾಡಿದ್ದೆಲ್ಲ ತಪ್ಪೇ. ಎರಡು ದಿನಕ್ಕೊಮ್ಮೆ ಇಲಿ ಇಟ್ಟೆ. ದಿನಾ ಎತ್ತಿ ತೂಕ ನೋಡಿದೆ. ಪೆಟ್ಟಿಗೆಯ ಒಳಗಿನ ಸಾಮಾನೆಲ್ಲ ಆಚೀಚೆ ಮಾಡಿದೆ. ಊರಿಂದ ಅಮ್ಮ ಫೋನಿನಲ್ಲಿ, "ಪಾಪ, ಒಂದು ಲೋಟ ಹಾಲಾದ್ರೂ ಇಟ್ಟು ನೋಡೋ" ಅಂದರು. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆದು ಬೆಳೆದ ನಮಗೆ ಅದು ಸಹಜವಾದ ಮಾತು. ಆದರೆ ಯಾವ ಹಾವಿಗೂ ಹಾಲು ಆಹಾರವಲ್ಲ, ಅದು ಜೀರ್ಣವೂ ಆಗುವುದಿಲ್ಲ. ಅಮ್ಮನ ಹಾಲೊಂದನ್ನು ಬಿಟ್ಟು ಉಳಿದ ಎಲ್ಲ ಪ್ರಯೋಗವನ್ನೂ ಮಾಡಿದೆ, ಎಲ್ಲವನ್ನೂ ಒಟ್ಟಿಗೇ ಮಾಡಿದೆ. ಹಾಗಾಗಿ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಅಂತ ತಿಳಿಯಲೇ ಇಲ್ಲ.

ಈ ಬರಹ ಬಾಲ್ ಪೈಥಾನ್ ಬಗ್ಗೆ. ಬ್ರಿಟನ್ನಿನಲ್ಲಿ ಇದನ್ನೇ ರಾಯಲ್ ಪೈಥಾನ್ ಅನ್ನುತ್ತಾರೆ. ಸಾಕುವ ಹಾವುಗಳಲ್ಲಿ ಊಟದ ವಿಷಯಕ್ಕೆ ಇದರಷ್ಟು ಹಠಮಾರಿ ಕಡಿಮೆ. ಕಾರ್ನ್ ಸ್ನೇಕ್, ಹಾಗ್‌ನೋಸ್ ಸಾಕುವವರಿಗೂ ಕೊನೆಯ ಹೊತ್ತಿಗೆ ಎರಡು ಮಾತು ಇದೆ.

ಭಾರತದಲ್ಲಿ ಕೂತು ಓದುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಕೇರೆ, ನಾಗರ, ಹೆಬ್ಬಾವು, ಮಣ್ಣುಮುಕ್ಕ, ಇವು ಯಾವುದನ್ನೂ ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಬಾಲ್ ಪೈಥಾನ್ ಹೊರದೇಶದ ಹಾವು. 2022ರ ತಿದ್ದುಪಡಿಯ ನಂತರ ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಲೇಬೇಕು. ಕಾಗದಪತ್ರ ಇಲ್ಲದ ಹಾವನ್ನು ಯಾರೇ ಮಾರಿದರೂ ತಗೋಬೇಡಿ.

ಹೆಜ್ಜೆ 1: ಇದು ನಿಜಕ್ಕೂ ತೊಂದರೆಯಾ ಅಂತ ನೋಡಿ

ನಾವು ಮೂರು ಹೊತ್ತು ಉಣ್ಣುವವರು. ಹಾವಿನ ಲೆಕ್ಕವೇ ಬೇರೆ. ಮೈ ಬೆಚ್ಚಗಿಡಲು ಅದು ಆಹಾರ ಸುಡಬೇಕಾಗಿಲ್ಲ, ಹೊರಗಿನ ಬಿಸಿಯಲ್ಲೇ ಬದುಕುತ್ತದೆ. ಬಾಲ್ ಪೈಥಾನ್ ತವರು ಘಾನಾ, ಟೋಗೊ, ಬೆನಿನ್ ಕಡೆಯ ಪಶ್ಚಿಮ ಆಫ್ರಿಕಾ ಮತ್ತು ಅದರಾಚೆಯ ಮಧ್ಯ ಆಫ್ರಿಕಾ. ಅಲ್ಲಿ ಗೆದ್ದಲಿನ ಹುತ್ತ, ಇಲಿಯ ಬಿಲ, ಇವೇ ಅದರ ಮನೆ. ವರ್ಷದಲ್ಲಿ ಕೆಲವು ತಿಂಗಳು ತಿನ್ನದೆ ಇರುವುದು ಅದಕ್ಕೆ ಹೊಸತಲ್ಲ.

ಹಾಗಾಗಿ ಮೊದಲು ವಯಸ್ಸು ನೋಡಿ. ಮೈಕೈ ತುಂಬಿಕೊಂಡಿರುವ ದೊಡ್ಡ ಹಾವು ಎರಡು ಮೂರು ತಿಂಗಳು ತಿನ್ನದಿದ್ದರೂ ಸಾಮಾನ್ಯವಾಗಿ ಗಾಬರಿ ಬೇಡ. ಗಂಡುಗಳು ಅಕ್ಟೋಬರ್‌ನಿಂದ ಮಾರ್ಚ್ ತನಕ, ಅಂದರೆ ಕೂಡುವ ಕಾಲದಲ್ಲಿ, ಹೆಣ್ಣಿನ ವಾಸನೆ ಸುತ್ತ ಎಲ್ಲೂ ಇಲ್ಲದಿದ್ದರೂ ಊಟ ಬಿಡುವುದುಂಟು. ಮೊಟ್ಟೆ ಹೊತ್ತ ಹೆಣ್ಣೂ ತಿನ್ನುವುದಿಲ್ಲ. ಗಂಡಿನ ಸಹವಾಸವೇ ಇಲ್ಲ, ಮೊಟ್ಟೆ ಹೇಗೆ ಅಂತ ಕೇಳಬೇಡಿ. 2020ರಲ್ಲಿ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಒಂದು ಬಾಲ್ ಪೈಥಾನ್ ಗಂಡಿನ ಮುಖ ನೋಡದೆ 15 ವರ್ಷವಾದ ಮೇಲೂ ಮೊಟ್ಟೆ ಇಟ್ಟಿತ್ತು.

ಮರಿಯ ಕಥೆ ಹಾಗಲ್ಲ. ನೂರು ಗ್ರಾಂ ಕೂಡ ತೂಗದ ಮರಿಗೆ ಕೂಡಿಟ್ಟ ಕೊಬ್ಬು ಇರುವುದಿಲ್ಲ. ಅದು ನಾಲ್ಕೈದು ವಾರ ಬಿಟ್ಟರೆ ಯೋಚನೆ ಮಾಡಲೇಬೇಕು.

ಆಮೇಲೆ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಂಥದ್ದೇ ಇನ್ನೊಂದು ತಂದು ಹಾವಿಗೆ ಅಂತಲೇ ಇಟ್ಟುಕೊಳ್ಳಿ. ಮುಚ್ಚಳದ ಡಬ್ಬಿಯಲ್ಲಿ ಹಾವು ಇಟ್ಟು ತೂಗಿ, ಡಬ್ಬಿಯ ತೂಕ ಕಳೆಯಿರಿ. ಉಪವಾಸದ ಹೊತ್ತಿನಲ್ಲಿ ಎರಡು ವಾರಕ್ಕೊಮ್ಮೆ ಸಾಕು. ಹಿಕ್ಕೆ ಹಾಕಿದ ಮಾರನೇ ದಿನ ತೂಗಿದರೆ ತೂಕ ಇದ್ದಕ್ಕಿದ್ದಂತೆ ಇಳಿದಂತೆ ಕಾಣುತ್ತದೆ, ಅದನ್ನು ನೋಡಿ ಎದೆ ಒಡೆದುಕೊಳ್ಳಬೇಡಿ. ಬೋಂಡಾ ನವೆಂಬರ್‌ನಲ್ಲಿ 1,480 ಗ್ರಾಂ ಇದ್ದಳು, ಮಾರ್ಚ್‌ನಲ್ಲಿ 1,405. ನಾಲ್ಕು ತಿಂಗಳಿಗೆ ಇಳಿದದ್ದು ಸುಮಾರು ನೂರಕ್ಕೆ ಐದು ಪಾಲು. ನೂರಕ್ಕೆ ಹತ್ತರ ಹತ್ತಿರ ಬಂದರೆ ವೈದ್ಯರಿಗೆ ಫೋನ್ ಮಾಡುವ ಹೊತ್ತು ಅಂತ ಇಟ್ಟುಕೊಳ್ಳಿ.

ಕೈಯಲ್ಲಿ ಮುಟ್ಟಿಯೂ ತಿಳಿಯುತ್ತದೆ. ಬೆನ್ನುಮೂಳೆ ಗುಡಿಸಲಿನ ಸೂರಿನ ಹಾಗೆ ಚೂಪಾಗಿ ಎದ್ದಿದೆಯಾ? ಬಾಲದ ಬುಡದಲ್ಲಿ ಮಾಂಸ ಕರಗಿದೆಯಾ? ಕಣ್ಣು ಗುಳಿ ಬಿದ್ದಿದೆಯಾ, ಬಾಯೊಳಗೆ ಎಂಜಲು ಅಂಟಂಟಾಗಿದೆಯಾ? ಇವು ಕಂಡರೆ ಕೆಳಗಿನ ಹೆಜ್ಜೆಗಳನ್ನೆಲ್ಲ ಬಿಟ್ಟು ನೇರ ವೈದ್ಯರ ಹತ್ತಿರ ಹೋಗಿ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಉಸಿರಿನಲ್ಲಿ ಸಿಳ್ಳಿನ ಸದ್ದು, ವಸಡಿನಲ್ಲಿ ಕೀವು, ಹೊಟ್ಟೆಯ ನಡುವೆ ಗಟ್ಟಿ ಉಬ್ಬು, ತಲೆ ನೆಟ್ಟಗೆ ನಿಲ್ಲದಿರುವುದು, ಇವಕ್ಕೂ ಅದೇ ಮಾತು.

ಹೆಜ್ಜೆ 2: ಇಲಿಯನ್ನಲ್ಲ, ಪೆಟ್ಟಿಗೆಯನ್ನು ಅನುಮಾನಿಸಿ

ಜಾಸ್ತಿ ಹೊತ್ತು ಕೊಡಬೇಕಾದ್ದು ಇಲ್ಲಿಗೆ. ಹಾವು ತಿನ್ನದಿದ್ದಾಗ ನಮ್ಮ ಕಣ್ಣು ಮೊದಲು ಹೋಗುವುದು ಇಲಿಯ ಮೇಲೆ. ಬೇರೆ ಬಣ್ಣದ್ದು ತರೋಣ, ಜೀವಂತ ತರೋಣ, ಅಂತ ಶುರು. ನನ್ನ ಅನುಭವದಲ್ಲಿ ತಪ್ಪು ಮುಕ್ಕಾಲು ಸಲ ಮನೆಯದ್ದು, ಊಟದ್ದಲ್ಲ.

ಬಿಸಿ ನೋಡಿ. ಬಾಲ್ ಪೈಥಾನ್ ಪೆಟ್ಟಿಗೆಯಲ್ಲಿ ಒಂದು ಕಡೆ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಕಡೆ 25ರಿಂದ 27 ಇರಬೇಕು. ರಾತ್ರಿಯೂ 24ಕ್ಕಿಂತ ಕೆಳಗಿಳಿಯಬಾರದು. ಮೈ ತಣ್ಣಗಿದ್ದರೆ ನುಂಗಿದ್ದು ಅರಗುವುದಿಲ್ಲ, ಹೊಟ್ಟೆಯಲ್ಲೇ ಕೊಳೆಯುತ್ತದೆ. ಹಾವಿಗೆ ಅದು ಗೊತ್ತು, ಅದಕ್ಕೇ ತಿನ್ನುವುದಿಲ್ಲ.

ಅಳೆಯುವುದು ಯಾವುದರಲ್ಲಿ ಅನ್ನುವುದೂ ಮುಖ್ಯ. ಗೋಡೆಗೆ ಅಂಟಿಸುವ ಗಡಿಯಾರದಂಥ ಮೀಟರನ್ನು ನಂಬಬೇಡಿ. ಅದು ತೋರಿಸುವುದು ಗಾಜಿನ ಮೇಲ್ಭಾಗದ ಬಿಸಿ, ಹಾವು ಮಲಗುವುದು ನೆಲದಲ್ಲಿ. ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಮೀಟರ್ ತಂದು, ಸೆನ್ಸರನ್ನು ಅಡಗುತಾಣದ ಒಳಗೆ ನೆಲಕ್ಕೆ ತಾಗಿಸಿ ಇಡಿ. ಕನಿಷ್ಠ ಮತ್ತು ಗರಿಷ್ಠ ನೆನಪಿಡುವಂಥದ್ದಾದರೆ ಇನ್ನೂ ಒಳ್ಳೆಯದು. ನನ್ನ ಗುಟ್ಟು ರಟ್ಟಾದದ್ದು ಹೀಗೇ. ಹಗಲು ನೋಡಿದಾಗೆಲ್ಲ ಬಿಸಿ ಸರಿಯಾಗಿಯೇ ಇತ್ತು. ಕನಿಷ್ಠದ ಗುಂಡಿ ಒತ್ತಿದರೆ 20! ನವೆಂಬರ್‌ನಲ್ಲಿ ವಿದ್ಯುತ್ ಉಳಿಸೋಣ ಅಂತ ಮನೆಯ ಹೀಟರನ್ನು ರಾತ್ರಿ ಹೊತ್ತು ಕಡಿಮೆಗೆ ಇಟ್ಟಿದ್ದೆ. ನಾವು ರಜಾಯಿ ಹೊದ್ದು ಮಲಗಿದ್ದೆವು, ಬೋಂಡಾ ನಡುಗುತ್ತಾ ಕೂತಿದ್ದಳು. ನಡುಗುವುದು ಅಂದದ್ದು ಮಾತಿಗೆ ಅಷ್ಟೇ.

ಯಾವ ಹೀಟರ್ ಆದರೂ ಥರ್ಮೋಸ್ಟಾಟ್ ಇಲ್ಲದೆ ಹಾಕಬೇಡಿ. ಬಿಸಿ ಕಲ್ಲು ಅಂತ ಅಂಗಡಿಯಲ್ಲಿ ಮಾರುತ್ತಾರಲ್ಲ, ಅದನ್ನು ಮುಟ್ಟಲೇಬೇಡಿ. ಹೊಟ್ಟೆ ಸುಟ್ಟುಕೊಂಡರೂ ಹಾವು ಅದರ ಮೇಲಿಂದ ಏಳುವುದಿಲ್ಲ.

ತೇವಾಂಶ ನೂರಕ್ಕೆ 55ರಿಂದ 70ರ ನಡುವೆ ಇರಲಿ. ಚಳಿಗಾಲದಲ್ಲಿ ಮನೆ ಹೀಟರ್ ಗಾಳಿಯನ್ನು ಹಪ್ಪಳದಂತೆ ಒಣಗಿಸುತ್ತದೆ. ತೆಂಗಿನ ಹೊಟ್ಟಿನ ಚೂರು ಅಥವಾ ನಾರಿನ ಪುಡಿ ದಪ್ಪಗೆ ಹಾಸಿ, ಮೂಲೆಗಳಲ್ಲಿ ನೀರು ಸುರಿದರೆ ಅಡಿಯಲ್ಲಿ ತೇವ ನಿಲ್ಲುತ್ತದೆ, ಮೇಲೆ ಒಣಗಿರುತ್ತದೆ. ಕುಡಿಯುವ ನೀರಿನ ಬಟ್ಟಲು ಸದಾ ತುಂಬಿರಲಿ. ಉಪವಾಸ ತಡೆಯುವ ಹಾವು ಬಾಯಾರಿಕೆ ತಡೆಯುವುದಿಲ್ಲ.

ಇನ್ನು ಅಡಗುತಾಣ. ಬಿಸಿ ಕಡೆ ಒಂದು, ತಂಪಿನ ಕಡೆ ಒಂದು, ಎರಡೂ ಬೇಕು. ಒಂದೇ ಇಟ್ಟರೆ ಹಾವಿಗೆ ಬಿಸಿ ಬೇಕಾ, ಧೈರ್ಯ ಬೇಕಾ ಅನ್ನುವ ಪೀಕಲಾಟ. ಒಳಗೆ ಕೂತಾಗ ಮೈ ಎಲ್ಲ ಕಡೆ ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿರಬೇಕು. ವಿಶಾಲವಾದದ್ದು ಕೊಟ್ಟರೆ ನಮಗೆ ಖುಷಿ, ಅದಕ್ಕೆ ಭಯ. ನಾಲ್ಕೂ ಕಡೆ ಗಾಜಿದ್ದರೆ ಮೂರು ಕಡೆಗೆ ಕಪ್ಪು ಕಾಗದ ಅಂಟಿಸಿ. ಪ್ಲಾಸ್ಟಿಕ್ ಎಲೆ, ಒಣ ಕೊಂಬೆ, ರಟ್ಟಿನ ಕೊಳವೆ, ಸಿಕ್ಕಿದ್ದನ್ನು ತುಂಬಿ. ಖಾಲಿ ಮೈದಾನದಲ್ಲಿ ಯಾವ ಹೊಂಚುಕೋರನೂ ಊಟಕ್ಕೆ ಕೂರುವುದಿಲ್ಲ. ಟಿವಿಯ ಪಕ್ಕ, ವಾಷಿಂಗ್ ಮಷೀನ್ ಮೇಲೆ, ನಾಯಿ ಬೆಕ್ಕು ಮೂಸುವ ಎತ್ತರದಲ್ಲಿ ಪೆಟ್ಟಿಗೆ ಇದ್ದರೆ ಜಾಗ ಬದಲಿಸಿ.

ಹೆಜ್ಜೆ 3: ಸುಮ್ನೆ ಬಿಡಿ

ಮನೆ ಸರಿ ಮಾಡಿದ ಮೇಲೆ ಏಳರಿಂದ ಹತ್ತು ದಿನ ಪೆಟ್ಟಿಗೆಗೆ ಕೈ ಹಾಕಬೇಡಿ. ನೀರು ಬದಲಿಸಿ, ಹಿಕ್ಕೆ ತೆಗೆಯಿರಿ, ಅಷ್ಟೇ. ಹೊಸದಾಗಿ ತಂದ ಹಾವಿಗೂ ಇದೇ ನಿಯಮ. ಅಂಗಡಿಯಿಂದ ತಂದ ದಿನವೇ ಇಲಿ ಹಿಡಿದು ನಿಲ್ಲುವವರು ಬಹಳ ಮಂದಿ. ನೆಂಟರ ಮನೆಗೆ ಕಾಲಿಟ್ಟ ತಕ್ಷಣ ಎಲೆ ಹಾಕಿದರೆ ನಮಗೂ ಊಟ ಸೇರುವುದಿಲ್ಲ, ಅಲ್ವಾ?

ಕಣ್ಣು ನೋಡಿ. ಪೊರೆ ಬಿಡುವ ಮುಂಚೆ ಕಣ್ಣು ಮಸುಕು ನೀಲಿಯಾಗುತ್ತದೆ, ಹೊಟ್ಟೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆಗ ಹೆಚ್ಚಿನ ಹಾವುಗಳು ತಿನ್ನುವುದಿಲ್ಲ. ಪೊರೆ ಪೂರ್ತಿ ಕಳಚಿದ ಮೇಲೆ ಎರಡು ದಿನ ಬಿಟ್ಟು ಕೊಟ್ಟು ನೋಡಿ. ಉಪವಾಸ ಮುರಿಯಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದು ಕಷ್ಟ.

ಒಂದು ನೋಟ್‌ಬುಕ್ ಇಡಿ. ದಿನಾಂಕ, ತೂಕ, ಏನು ಕೊಟ್ಟಿರಿ, ಎಷ್ಟು ಗ್ರಾಂ, ತಿಂದಿತಾ, ಪೊರೆ ಯಾವಾಗ, ಹಿಕ್ಕೆ ಯಾವಾಗ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನೂ ಬರೆಯಿರಿ. ಇದನ್ನು ನಾನು ಮೊದಲ ದಿನವೇ ಮಾಡಿದ್ದರೆ ಡಿಸೆಂಬರ್‌ಗೇ ಉತ್ತರ ಸಿಗುತ್ತಿತ್ತು.

ಹೆಜ್ಜೆ 4: ಇಲಿಯನ್ನು ಸರಿಯಾಗಿ ಬಿಸಿ ಮಾಡಿ

ಕನ್ನಡದಲ್ಲಿ ಎಲ್ಲಕ್ಕೂ ಇಲಿ ಅಂದುಬಿಡುತ್ತೇವೆ. ಅಂಗಡಿಯಲ್ಲಿ ಮೌಸ್ (ಸಣ್ಣ ಇಲಿ) ಬೇರೆ, ರ್ಯಾಟ್ (ದೊಡ್ಡ ಇಲಿ) ಬೇರೆ. ಹಾವಿಗೂ ಅವು ಬೇರೆ ಬೇರೆ ವಾಸನೆ. ಮೌಸ್ ತಿಂದು ಬೆಳೆದ ಹಾವು ರ್ಯಾಟನ್ನು ಆಹಾರ ಅಂತ ಗುರುತಿಸದೇ ಇರಬಹುದು. ಹಾಗಾಗಿ ಕೊಳ್ಳುವಾಗಲೇ ಏನು ತಿನ್ನುತ್ತಿತ್ತು, ಜೀವಂತವೋ ಫ್ರೋಜನ್ನೋ (ಕೊಂದು ಹೆಪ್ಪುಗಟ್ಟಿಸಿ ಮಾರುವ ಇಲಿ) ಅಂತ ಕೇಳಿಕೊಳ್ಳಿ.

ಗಾತ್ರ: ಹಾವಿನ ಮೈ ಅತಿ ದಪ್ಪಗಿರುವ ಕಡೆ ಎಷ್ಟಿದೆಯೋ ಇಲಿಯೂ ಅಷ್ಟೇ ದಪ್ಪ ಇದ್ದರೆ ಸಾಕು. ತೂಕದ ಲೆಕ್ಕದಲ್ಲಿ ಮರಿಗೆ ಅದರ ತೂಕದ ನೂರಕ್ಕೆ 10ರಿಂದ 15, ದೊಡ್ಡದಕ್ಕೆ 5ರಿಂದ 7. ಮರಿಗೆ ವಾರಕ್ಕೊಮ್ಮೆ, ಬೆಳೆಯುವ ಹಾವಿಗೆ ಹತ್ತು ಹದಿನಾಲ್ಕು ದಿನಕ್ಕೊಮ್ಮೆ, ದೊಡ್ಡದಕ್ಕೆ ಮೂರು ನಾಲ್ಕು ವಾರಕ್ಕೊಮ್ಮೆ. ನಾನು ಬೋಂಡಾಗೆ ಪ್ರತಿ ವಾರ 150 ಗ್ರಾಂನ ರ್ಯಾಟ್ ಹಾಕುತ್ತಿದ್ದೆ. ಅಜ್ಜಿಮನೆಯ ಉಪಚಾರ! ಹೊಟ್ಟೆ ತುಂಬಿದವಳು ಬೇಡ ಅಂದಳು ಅಂತ ಈಗ ಅನಿಸುತ್ತದೆ. ಬಾಲ್ ಪೈಥಾನ್ ಕೊಬ್ಬಿದರೆ ಮೈ ಸಿಲಿಂಡರಿನಂತೆ ಉರುಟಾಗುತ್ತದೆ, ಬಳಸಿ ಕೂತಾಗ ಚಿಪ್ಪುಗಳ ನಡುವೆ ಚರ್ಮ ಕಾಣುತ್ತದೆ. ಆರೋಗ್ಯವಂತ ಹಾವಿನ ಬೆನ್ನು ಸ್ವಲ್ಪ ಇಳಿಜಾರಾಗಿರುತ್ತದೆ.

ಬಿಸಿ ಮಾಡುವ ಕ್ರಮ ಹೀಗೆ. ಹಿಂದಿನ ರಾತ್ರಿಯೇ ಫ್ರೀಜರಿನಿಂದ ತೆಗೆದು ಜಿಪ್ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ಊಟದ ಸಾಮಾನಿಗೆ ತಾಗದ ಮುಚ್ಚಳದ ಡಬ್ಬಿಯೊಳಗೆ. ಕೊಡುವ ಅರ್ಧ ಗಂಟೆ ಮುಂಚೆ ಚೀಲದ ಸಮೇತ ಬಿಸಿನೀರಿನಲ್ಲಿ ಮುಳುಗಿಸಿ. ನೀರು ಕೈ ತಡೆಯುವಷ್ಟು ಬಿಸಿ ಇರಲಿ, ಕುದಿಯುವುದು ಬೇಡ. ಕುದಿ ನೀರಿನಲ್ಲಿ ಹೊರಗೆ ಬೇಯುತ್ತದೆ, ಒಳಗೆ ಹೆಪ್ಪುಗಟ್ಟಿಯೇ ಇರುತ್ತದೆ. ಮೈಕ್ರೋವೇವ್ ಅಂತೂ ಬೇಡವೇ ಬೇಡ. ಇಲಿಯ ಹೊಟ್ಟೆ ಸಿಡಿದರೆ ಆ ವಾಸನೆಗೆ ಮನೆಯವರು ನಿಮ್ಮನ್ನೂ ಹಾವನ್ನೂ ಒಟ್ಟಿಗೇ ಹೊರಗೆ ಹಾಕುತ್ತಾರೆ. ಹೊಟ್ಟೆ ಒತ್ತಿ ನೋಡಿ, ಮಧ್ಯೆ ಗಟ್ಟಿ ಇರಬಾರದು. ಕೊನೆಗೆ ಒರೆಸಿ, ಹೇರ್ ಡ್ರೈಯರ್‌ನಲ್ಲಿ ಕೂದಲು ಒಣಗಿಸಿ, ತಲೆಯ ಭಾಗಕ್ಕೆ ಇನ್ನೊಂದು ನಿಮಿಷ ಬಿಸಿ ಗಾಳಿ ಕೊಡಿ. ತಲೆ 38 ಡಿಗ್ರಿಯ ಆಸುಪಾಸಿನಲ್ಲಿರಬೇಕು.

ಈ ಬಿಸಿಯ ಗೀಳು ಯಾಕೆ ಅಂದರೆ, ಬಾಲ್ ಪೈಥಾನ್ ತುಟಿಯ ಅಂಚಿನಲ್ಲಿ ಸಾಲಾಗಿ ಸಣ್ಣ ಗುಳಿಗಳಿವೆ. ಅವು ಶಾಖವನ್ನು ಗುರುತಿಸುತ್ತವೆ. ಕತ್ತಲಲ್ಲಿ ಅದಕ್ಕೆ ಕಾಣುವುದು ತಣ್ಣನೆಯ ಹಿನ್ನೆಲೆಯಲ್ಲಿ ಹೊಳೆಯುವ ಬಿಸಿ ವಸ್ತು. ಕೋಣೆಯಷ್ಟೇ ತಣ್ಣಗಿರುವ ಇಲಿ ಅದರ ಪಾಲಿಗೆ ಒಂದು ಕಲ್ಲು.

ಇನ್ನೊಂದು ವಿಷಯ, ಫ್ರೋಜನ್ ಇಲಿಗಳಲ್ಲಿ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಇದರಿಂದ ಜನರಿಗೆ ಕಾಯಿಲೆ ಹರಡಿದ್ದಿದೆ. ಅಡುಗೆಮನೆಯ ಪಾತ್ರೆ ಬಳಸಬೇಡಿ. ಸೋಪು ಹಾಕಿ ಕೈ ತೊಳೆಯಿರಿ. ಐದು ವರ್ಷದೊಳಗಿನ ಮಕ್ಕಳು ಹತ್ತಿರ ಬರುವುದು ಬೇಡ.

ಹೆಜ್ಜೆ 5: ಕೊಡುವ ಕಲೆ

ರಾತ್ರಿ ಕೊಡಿ. ದೀಪ ಆರಿಸಿ ಒಂದು ಗಂಟೆಯಾದ ಮೇಲೆ, ಹಾವು ಅಡಗುತಾಣದ ಬಾಗಿಲಲ್ಲಿ ತಲೆ ಇಟ್ಟುಕೊಂಡು ಕೂತಿದ್ದರೆ ಅದೇ ಮುಹೂರ್ತ. ಇದು ಬೇಟೆಯ ಹಿಂದೆ ಓಡುವ ಹಾವಲ್ಲ, ಹೊಂಚು ಹಾಕುವ ಹಾವು. ಬೇರೆ ಡಬ್ಬಿಗೆ ಎತ್ತಿ ಹಾಕಿ ತಿನ್ನಿಸುವ ಅಭ್ಯಾಸ ಕೆಲವರಿಗಿದೆ, ಪೆಟ್ಟಿಗೆಯಲ್ಲೇ ಕೊಟ್ಟರೆ ಕೈ ಕಚ್ಚುವುದನ್ನು ಕಲಿಯುತ್ತದೆ ಅಂತ. ಅದಕ್ಕೆ ಆಧಾರವಿಲ್ಲ. ನಾಚಿಕೆಯ ಹಾವನ್ನು ಎತ್ತಿ ಇನ್ನೊಂದು ಕಡೆ ಇಟ್ಟರೆ ಊಟದ ಆಸೆಯೇ ಸತ್ತುಹೋಗುತ್ತದೆ.

ಉದ್ದದ ಇಕ್ಕಳ ಬಳಸಿ, ಒಂದು ಅಡಿಗಿಂತ ಕಡಿಮೆ ಬೇಡ. ಕೈ ಹತ್ತಿರವಿದ್ದರೆ ಹಾವಿನ ಗುಳಿಗಳಿಗೆ ಇಲಿಗಿಂತ ದೊಡ್ಡ ಬಿಸಿ ವಸ್ತು ನಿಮ್ಮ ಕೈಯೇ. ಆಗ ಒಂದೋ ಹೆದರುತ್ತದೆ, ಇಲ್ಲವೇ ಕೈಗೇ ಬಾಯಿ ಹಾಕುತ್ತದೆ. ಇಲಿಯ ಸೊಂಟದ ಹತ್ತಿರ ಹಿಡಿದು, ತಲೆ ಹಾವಿನ ಕಡೆ ಮಾಡಿ, ಒಂದು ಗೇಣು ದೂರದಲ್ಲಿ ನೆಲದ ಮೇಲೆ ನಡೆದಂತೆ ಮೆಲ್ಲಗೆ ಆಡಿಸಿ. ನಿಲ್ಲಿಸಿ. ಮತ್ತೆ ಸ್ವಲ್ಪ. ಹಾವಿನ ಮೂತಿಗೆ ತಿವಿಯಬೇಡಿ. ಕುತ್ತಿಗೆ ಇಂಗ್ಲಿಷಿನ ಎಸ್ ಅಕ್ಷರದಂತೆ ಮಡಚಿ, ನಾಲಿಗೆ ನಿಧಾನವಾಗಿ ಆಡುತ್ತಿದ್ದರೆ ಆಸಕ್ತಿ ಇದೆ ಅಂತ. ತಲೆ ಹಿಂದಕ್ಕೆಳೆದು ಬೇರೆ ಕಡೆ ತಿರುಗಿಸಿದರೆ ಸಾಕು ಮಾಡಿ.

ಬಿಗಿದು ಸುತ್ತಿಕೊಂಡ ಮೇಲೆ ನಿಮ್ಮ ಕೆಲಸ ಮುಗಿಯಿತು. ದೀಪ ಹಾಕಬೇಡಿ, ವಿಡಿಯೋ ಬೇಡ, ಬಾಗಿಲು ಮುಚ್ಚಿ ಹೊರಗೆ ಹೋಗಿ. ಅರ್ಧ ನುಂಗಿದ್ದನ್ನು ಉಗುಳಿಸಿದ ಪಾಪ ನನ್ನ ತಲೆ ಮೇಲಿದೆ. ಮಗಳಿಗೆ ತೋರಿಸೋಣ ಅಂತ ಟಾರ್ಚ್ ಹಾಕಿದ್ದೆ.

ಹದಿನೈದು ನಿಮಿಷದಲ್ಲಿ ತಿನ್ನದಿದ್ದರೆ ಇಲಿಯನ್ನು ಒಂದು ಚಪ್ಪಟೆ ತಟ್ಟೆಯಲ್ಲಿಟ್ಟು ಅಡಗುತಾಣದ ಬಾಗಿಲಲ್ಲಿ ಬಿಡಿ. ಎಷ್ಟೋ ಹಾವುಗಳು ಯಾರೂ ನೋಡದಿದ್ದಾಗ ತಿನ್ನುತ್ತವೆ. ಬೆಳಗ್ಗೆಯೂ ಹಾಗೇ ಇದ್ದರೆ ಎಸೆಯಿರಿ, ಮತ್ತೆ ಫ್ರೀಜರಿಗೆ ಹಾಕಬೇಡಿ. ಮುಂದಿನ ಪ್ರಯತ್ನ ಮರಿಗೆ ಐದಾರು ದಿನ ಬಿಟ್ಟು, ದೊಡ್ಡದಕ್ಕೆ ಎರಡು ವಾರ ಬಿಟ್ಟು. ಬೇಡ ಅಂದದ್ದನ್ನೇ ದಿನಾ ಮುಂದೆ ಹಿಡಿದರೆ ಇಲಿಯ ವಾಸನೆ ಬಂದರೇ ಹಾವಿಗೆ ಕಿರಿಕಿರಿಯಾಗುತ್ತದೆ.

ಹೆಜ್ಜೆ 6: ಇನ್ನೂ ಹಠ ಬಿಡದಿದ್ದರೆ

ಮನೆ ಸರಿ ಇದೆ, ಬಿಸಿ ಸರಿ ಇದೆ, ಎರಡು ಮೂರು ಸಲ ಬೇಡ ಅಂದಿದೆ. ಈಗ ಇಲಿಯ ಸರದಿ. ಒಂದೊಂದಾಗಿ ಮಾಡಿ.

ಮೊದಲು ಗಾತ್ರ ಇಳಿಸಿ. ದೊಡ್ಡ ಇಲಿಗೆ ಹೆದರುವ ಹಾವು ಸಣ್ಣದಕ್ಕೆ ಒಪ್ಪಬಹುದು. ಆಮೇಲೆ ಜಾತಿ ಬದಲಿಸಿ, ರ್ಯಾಟ್ ಬದಲು ಮೌಸ್. ಬಿಳಿ ಬದಲು ಕಂದು ಬಣ್ಣದ್ದಕ್ಕೆ ಒಲಿಯುವ ಹಾವುಗಳೂ ಇವೆ.

ಅದೂ ಆಗದಿದ್ದರೆ ವಾಸನೆಯ ಉಪಾಯ. ಜರ್ಬಿಲ್ (ಇಲಿಯಂಥದ್ದೇ ಸಣ್ಣ ಸಾಕುಪ್ರಾಣಿ) ಗೂಡಿನ ಹಾಸು ಒಂದು ಹಿಡಿ ಸಿಕ್ಕರೆ, ಕರಗಿದ ಇಲಿಯನ್ನು ಅದರ ಜೊತೆ ಚೀಲದಲ್ಲಿ ಒಂದು ಗಂಟೆ ಇಡಿ. ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಈ ದಾರಿ ಇಲ್ಲ, ಅಲ್ಲಿ ಜರ್ಬಿಲ್ ಸಾಕುವುದೇ ನಿಷಿದ್ಧ. ಅವರು ಕೋಳಿಮರಿಯ ಪುಕ್ಕ ಉಜ್ಜಿ ನೋಡಬಹುದು. ಇದು ಬರೀ ಮಂತ್ರವಲ್ಲ. ನೈಜೀರಿಯಾದ ಕಾಡಿನಲ್ಲಿ ಬಾಲ್ ಪೈಥಾನ್ ಏನು ತಿನ್ನುತ್ತವೆ ಅಂತ ನೋಡಿದಾಗ, ಸಣ್ಣ ಹಾವುಗಳು ಹೆಚ್ಚಾಗಿ ಹಕ್ಕಿಗಳನ್ನೂ ದೊಡ್ಡವು ಇಲಿ ಹೆಗ್ಗಣದಂಥವನ್ನೂ ತಿನ್ನುತ್ತಿದ್ದುದು ಕಂಡಿತ್ತು.

ಆಫ್ರಿಕನ್ ಸಾಫ್ಟ್ ಫರ್ ರ್ಯಾಟ್ ಅಂತ ಒಂದಿದೆ. ಈ ಹಾವಿನ ತವರಿನ ಇಲಿ. ಅದನ್ನು ಕಂಡರೆ ಮಹಾ ಹಠಮಾರಿಯೂ ಎದ್ದು ಬರುತ್ತದೆ. ತೊಂದರೆ ಏನೆಂದರೆ, ಒಮ್ಮೆ ಆ ರುಚಿ ಹತ್ತಿದರೆ ಮಾಮೂಲಿ ರ್ಯಾಟನ್ನು ಕಣ್ಣೆತ್ತಿಯೂ ನೋಡದಿರಬಹುದು. ಎಲ್ಲ ಕಡೆ ಸಿಗುವುದೂ ಇಲ್ಲ. ನಾನಾದರೆ ಕೊನೆಗೆ ಇಟ್ಟುಕೊಳ್ಳುತ್ತೇನೆ.

ಕೊನೆಯದು ಕೇಳಲು ಹಿತವಲ್ಲ. ಸತ್ತ ಇಲಿಯ ತಲೆಬುರುಡೆಗೆ ಸಣ್ಣ ಗೀರು ಹಾಕಿ ಒಳಗಿನದು ಸ್ವಲ್ಪ ಹೊರಗೆ ಕಾಣುವಂತೆ ಮಾಡುವುದು. ಆ ವಾಸನೆ ಬಹಳ ಹಾವುಗಳನ್ನು ಎಬ್ಬಿಸುತ್ತದೆ. ನನಗೆ ಹೊಟ್ಟೆ ತೊಳಸಿತು, ಹೆಂಡತಿಗೆ ಏನೂ ಅನಿಸಲಿಲ್ಲ. ಆ ಕೆಲಸ ಈಗ ಅವಳದ್ದು.

ಜೀವಂತ ಇಲಿ ಬಿಡೋಣವಾ?

ಬೇಡ ಅನ್ನುವುದು ನನ್ನ ಮಾತು. ಹಸಿದ ಇಲಿ, ತಿನ್ನಲು ಮನಸ್ಸಿಲ್ಲದ ಹಾವು, ಮುಚ್ಚಿದ ಪೆಟ್ಟಿಗೆ. ಬೆಳಗಾಗುವಷ್ಟರಲ್ಲಿ ಇಲಿ ಹಾವಿನ ಬೆನ್ನನ್ನು ಮೂಳೆ ಕಾಣುವಂತೆ ಕಚ್ಚಿ ತಿಂದ ಉದಾಹರಣೆಗಳಿವೆ. ಇಲಿಗೂ ಅದು ಒಳ್ಳೆಯ ಸಾವಲ್ಲ. ಜೀವಂತ ಬಿಟ್ಟು ಬೇರೇನೂ ತಿನ್ನದೆ ತೂಕ ಇಳಿಯುತ್ತಿರುವ ಹಾವಾದರೆ, ಇನ್ನೂ ಕಣ್ಣು ಬಿಡದ ಇಲಿಮರಿಯಿಂದ ಶುರು ಮಾಡಿ. ಪಕ್ಕದಲ್ಲೇ ಕೂತಿರಿ. ಹತ್ತು ನಿಮಿಷದಲ್ಲಿ ಹಿಡಿಯದಿದ್ದರೆ ಹೊರಗೆ ತೆಗೆಯಿರಿ. ಮೂರ್ನಾಲ್ಕು ಊಟವಾದ ಮೇಲೆ, ಜೀವಂತದ್ದನ್ನು ಹಿಡಿಯುವ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಬಿಸಿ ಮಾಡಿದ ಫ್ರೋಜನ್ ಹಿಡಿದು ನೋಡಿ.

ಮೊಟ್ಟೆಯಿಂದ ಬಂದ ಮರಿ

ಮೊದಲ ಪೊರೆ ಬಿಡುವ ತನಕ ಮರಿ ತಿನ್ನುವುದಿಲ್ಲ. ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಇನ್ನೂ ಉಳಿದಿರುತ್ತದೆ. ಆಮೇಲೂ ಬೇಡ ಅಂದರೆ ಜಾಗ ಚಿಕ್ಕದು ಮಾಡಿ. ಚಪ್ಪಲಿ ಡಬ್ಬಿಯಷ್ಟಿರುವ, ಗಾಳಿಗೆ ತೂತಿರುವ ಪ್ಲಾಸ್ಟಿಕ್ ಪೆಟ್ಟಿಗೆ, ಮುದುಡಿದ ಕಾಗದ, ಒಂದು ಮುಷ್ಟಿಯಷ್ಟು ಅಡಗುತಾಣ, ನೀರು. ಬಿಸಿಯ ಲೆಕ್ಕ ಅದೇ. ಎರಡು ಅಡಿ ಗಾಜಿನ ತೊಟ್ಟಿಯಲ್ಲಿ ತಿಂಗಳು ಉಪವಾಸ ಕೂತ ಮರಿ ಚಪ್ಪಲಿ ಡಬ್ಬಿಯಲ್ಲಿ ಮೂರನೇ ದಿನ ತಿಂದದ್ದನ್ನು ನಾನೇ ನೋಡಿದ್ದೇನೆ. ಕೊಡುವುದು ಆಗಷ್ಟೇ ಕೂದಲು ಬರುತ್ತಿರುವ, ಚುರುಕಾದ ಮೌಸ್ ಮರಿಯ ಗಾತ್ರದ್ದು. ಕೂದಲಿಲ್ಲದ ಗುಲಾಬಿ ಮರಿಯನ್ನು ಬಾಲ್ ಪೈಥಾನ್ ಮರಿಗಳು ಆಹಾರ ಅಂತ ಲೆಕ್ಕಕ್ಕೇ ತಗೊಳ್ಳದೆ ಇರುವುದುಂಟು.

ಸ್ಪೈಡರ್ ಅನ್ನುವ ಬಣ್ಣದ ತಳಿ ತಂದಿದ್ದರೆ ಒಂದು ವಿಷಯ ತಿಳಿದಿರಿ. ಆ ತಳಿಗೆ ಹುಟ್ಟಿನಿಂದಲೇ ತಲೆ ಓಲಾಡುವ ತೊಂದರೆ ಇದೆ. ಬೇಟೆಗೆ ಬಾಯಿ ಹಾಕಿದಾಗ ಗುರಿ ತಪ್ಪುತ್ತದೆ. ತಿನ್ನಲು ಇಷ್ಟವಿಲ್ಲ ಅಂತಲ್ಲ, ಸಿಗುತ್ತಿಲ್ಲ. ಇಲಿಯನ್ನು ಅಲ್ಲಾಡಿಸದೆ ಹಿಡಿಯಿರಿ, ಅಥವಾ ಇಟ್ಟು ಹೋಗಿ.

ಕಾರ್ನ್ ಸ್ನೇಕ್, ಹಾಗ್‌ನೋಸ್

ಇವಕ್ಕೆ ತುಟಿಯಲ್ಲಿ ಶಾಖದ ಗುಳಿ ಇಲ್ಲ, ಮೂಗೇ ಎಲ್ಲ. ಕಾರ್ನ್ ಸ್ನೇಕ್ ಸಾಮಾನ್ಯವಾಗಿ ಊಟ ಬಿಡುವ ಪೈಕಿಯೇ ಅಲ್ಲ. ಬಿಟ್ಟರೆ ಬಿಸಿ, ಪೊರೆ, ಚಳಿಗಾಲ ನೋಡಿ. ಅದರ ಮರಿಗಳಿಗೆ ಹಲ್ಲಿಯ ವಾಸನೆ ಹಚ್ಚಿದರೆ ಕೆಲಸವಾಗುತ್ತದೆ. ಹಾಗ್‌ನೋಸ್ ಕಾಡಿನಲ್ಲಿ ಕಪ್ಪೆ ತಿನ್ನುವ ಹಾವು. ನೀರಿನಲ್ಲಿ ಡಬ್ಬಿ ಮಾಡಿದ, ಉಪ್ಪಿಲ್ಲದ ಟ್ಯೂನಾ ಮೀನಿನ ನೀರಿಗೆ ಇಲಿಮರಿಯ ಮೂತಿ ಅದ್ದಿ ಕೊಡುವುದು ಹಳೆಯ ಉಪಾಯ. ಮುಂದಿನ ಊಟಗಳಲ್ಲಿ ಅದ್ದುವುದನ್ನು ಕಡಿಮೆ ಮಾಡುತ್ತಾ ಬನ್ನಿ.

ತಿಂದದ್ದನ್ನು ಕಕ್ಕಿದರೆ

ತಿನ್ನದಿರುವುದಕ್ಕಿಂತ ಇದು ಕೆಟ್ಟದ್ದು. ಕಾರಣ ಹೆಚ್ಚಾಗಿ ಮೂರು: ಬಿಸಿ ಕಡಿಮೆ, ಇಲಿ ದೊಡ್ಡದು, ತಿಂದ ಮೇಲೆ ಎರಡು ದಿನ ಬಿಡದೆ ಎತ್ತಿ ಆಡಿಸಿದ್ದು. ಕಕ್ಕಿದ ಮಾರನೇ ದಿನವೇ ಪಾಪ ಹಸಿದಿದೆ ಅಂತ ಇನ್ನೊಂದು ಕೊಡಬೇಡಿ. ಗಂಟಲು, ಹೊಟ್ಟೆ ಎರಡೂ ಆಮ್ಲಕ್ಕೆ ಸುಟ್ಟಿರುತ್ತವೆ. ನೀರಿಡಿ, ಎರಡು ವಾರ ಏನೂ ಬೇಡ. ಆಮೇಲೆ ಮಾಮೂಲಿಗಿಂತ ಅರ್ಧ ಗಾತ್ರದ್ದು ಕೊಡಿ. ಎರಡನೇ ಸಲವೂ ಕಕ್ಕಿದರೆ ಕಾಯಬೇಡಿ, ವೈದ್ಯರಲ್ಲಿಗೆ ಹೋಗಿ. ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಪರೋಪಜೀವಿ ಹೊಟ್ಟೆಯ ಗೋಡೆಯನ್ನೇ ಊದಿಸಿ ಹೀಗೆ ಕಕ್ಕಿಸುತ್ತದೆ. ಅದು ಬೇರೆ ಹಾವುಗಳಿಗೂ ಹರಡುತ್ತದೆ. ಹಾಗಾಗಿ ಆ ಹಾವಿನ ಇಕ್ಕಳ, ಬಟ್ಟಲು ಬೇರೆ ಪೆಟ್ಟಿಗೆಗೆ ಹೋಗಬಾರದು.

ವೈದ್ಯರು, ಮತ್ತು ಬಾಯಿಗೆ ತುರುಕುವ ವಿಷಯ

ನಾಯಿ ಬೆಕ್ಕು ನೋಡುವ ಎಲ್ಲರೂ ಹಾವು ನೋಡುವುದಿಲ್ಲ. ಫೋನಿನಲ್ಲೇ ಕೇಳಿ. ಅಮೆರಿಕದಲ್ಲಿ ಸರೀಸೃಪ ವೈದ್ಯರ ಸಂಘ ಎಆರ್‌ಎವಿಯ ತಾಣದಲ್ಲಿ ಊರಿನ ಲೆಕ್ಕದಲ್ಲಿ ಹುಡುಕಬಹುದು. ಹೋಗುವಾಗ ನೋಟ್‌ಬುಕ್, ಪೆಟ್ಟಿಗೆಯ ಫೋಟೋ, ಹೊಸ ಹಿಕ್ಕೆ ಸಿಕ್ಕರೆ ಅದನ್ನೂ ಡಬ್ಬಿಯಲ್ಲಿ ಒಯ್ಯಿರಿ. ನೀರಿನ ಬಟ್ಟಲಲ್ಲಿ ಗಸಗಸೆಯಂಥ ಕಪ್ಪು ಚುಕ್ಕೆ ತೇಲುತ್ತಿದ್ದರೆ ಅದನ್ನೂ ಹೇಳಿ. ಅವು ರಕ್ತ ಹೀರುವ ಹಾವಿನ ನುಸಿ. ಅವು ಹತ್ತಿದ ಹಾವು ಊಟ ಬಿಡುವುದು ಮಾಮೂಲು.

ಇಲಿಯ ತಲೆಯನ್ನು ಮೆಲ್ಲಗೆ ಹಾವಿನ ಬಾಯಿಗಿಟ್ಟು, ಉಳಿದದ್ದನ್ನು ಅದೇ ನುಂಗಲಿ ಅಂತ ಬಿಡುವುದು ಒಂದು. ಗಂಟಲಿನಾಚೆ ತಳ್ಳುವುದು ಇನ್ನೊಂದು. ಮೊದಲನೆಯದನ್ನು ಬಡಕಲಾದ ಮರಿಗೆ ಕೊನೆಯ ದಾರಿಯಾಗಿ ಮಾಡುತ್ತಾರೆ, ಬಲ್ಲವರು ಒಮ್ಮೆ ತೋರಿಸಿಕೊಟ್ಟ ಮೇಲೆ. ಎರಡನೆಯದನ್ನು ಮನೆಯಲ್ಲಿ ಮಾಡಲೇಬೇಡಿ. ಹಲ್ಲು ಮುರಿಯುತ್ತದೆ, ಗಂಟಲು ಹರಿಯುತ್ತದೆ. ವಿಡಿಯೋದಲ್ಲಿ ಸುಲಭ ಕಾಣುತ್ತದೆ, ಅಷ್ಟೇ. ತೀರಾ ಸೊರಗಿದ ಹಾವಿಗೆ ವೈದ್ಯರು ಮೊದಲು ನೀರಿನಂಶ ತುಂಬಿ, ಆಮೇಲೆ ನಳಿಕೆಯಲ್ಲಿ ತೆಳುವಾದ ಆಹಾರ ಸ್ವಲ್ಪ ಸ್ವಲ್ಪವೇ ಕೊಡುತ್ತಾರೆ. ಬಹಳ ದಿನ ಖಾಲಿ ಇದ್ದ ಮೈಗೆ ಒಮ್ಮೆಲೇ ಹೊಟ್ಟೆ ತುಂಬ ಕೊಟ್ಟರೆ ರಕ್ತದಲ್ಲಿನ ಲವಣಗಳ ಲೆಕ್ಕ ತಪ್ಪಿ ಹಾವು ಸಾಯಲೂಬಹುದು.

ಮತ್ತೆ ತಿನ್ನಲು ಶುರು ಮಾಡಿದಾಗ

ಖುಷಿಗೆ ಎರಡೆರಡು ಇಲಿ ಹಾಕಬೇಡಿ. ಮೊದಲ ಊಟ ಸಣ್ಣದಿರಲಿ. ಹತ್ತು ದಿನ ಬಿಟ್ಟು ಇನ್ನೊಂದು ಸಣ್ಣದು. ಹಿಕ್ಕೆ ಸರಿಯಾಗಿ ಹಾಕಿದ ಮೇಲೆ ಮಾಮೂಲಿ ಗಾತ್ರ. ಮೂರು ಊಟ ಸತತವಾಗಿ ಆಗುವ ತನಕ ಎತ್ತಿ ಆಡಿಸುವುದು ಬೇಡ.

ಬೋಂಡಾ ವಿಷಯ ಹೇಳುವುದು ಉಳಿಯಿತು. ಜನವರಿಯಲ್ಲಿ ರಾತ್ರಿಯ ಬಿಸಿ ಸರಿ ಮಾಡಿದೆ, ತಂಪಿನ ಕಡೆಗೆ ಎರಡನೇ ಅಡಗುತಾಣ ಇಟ್ಟೆ, ಎರಡು ವಾರಕ್ಕೊಮ್ಮೆ ಮಾತ್ರ ಕೊಡುವುದು ಅಂತ ಶಪಥ ಮಾಡಿದೆ. ಫೆಬ್ರವರಿಯಿಡೀ ಬೇಡ ಅಂದಳು. ಮಾರ್ಚ್ ಎರಡನೇ ವಾರ ಪೊರೆ ಬಿಟ್ಟಳು. ಮೂರನೇ ರಾತ್ರಿ 70 ಗ್ರಾಂನ ರ್ಯಾಟ್ ಒಂದನ್ನು ಬಿಸಿ ಮಾಡಿ, ಬಾಗಿಲಲ್ಲಿ ಆಡಿಸಿದೆ. ಎರಡು ಸಲ ನಾಲಿಗೆ ಚಾಚಿದಳು. ಮತ್ತೆ ಮುಖ ತಿರುಗಿಸುತ್ತಾಳೆ ಅಂತ ಇಕ್ಕಳ ಹಿಂದಕ್ಕೆಳೆಯುವಷ್ಟರಲ್ಲಿ ಇಲಿ ನನ್ನ ಕೈಯಲ್ಲಿರಲಿಲ್ಲ. ಇಕ್ಕಳವೂ ಇರಲಿಲ್ಲ. ಅದನ್ನೂ ಸೇರಿಸಿಯೇ ಸುತ್ತಿಕೊಂಡಿದ್ದಳು. ಅವಳು ಸಡಿಲ ಬಿಡುವ ತನಕ, ಕತ್ತಲಲ್ಲಿ, ಕೈ ಹಾಕದೆ ಇಪ್ಪತ್ತು ನಿಮಿಷ ಕೂತಿದ್ದೆ.